ಸ್ಪಷ್ಟನೆ: ಶ್ವಾಸಕೋಶದ ರಕ್ತನಾಳಕ್ಕೆ ಹಾಕಿದ ಸ್ಟೆಂಟ್ ಮಗುವಿನ ಜೊತೆ ಬೆಳೆಯುವುದಿಲ್ಲ

‘ಚಿಕ್ಕಂದಿನಲ್ಲೇ ಸ್ಟೆಂಟ್ ಹಾಕಿಸಿದರೆ ಮತ್ತೆ ಆಸ್ಪತ್ರೆ ಮೆಟ್ಟಿಲು ಹತ್ತಬೇಕಿಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಸ್ಟೆಂಟ್ ಎಂದರೆ ಕಿರಿದಾದ ರಕ್ತನಾಳವನ್ನು ತೆರೆದಿಡುವ ಲೋಹದ ಜಾಲರಿ. ಮಗು ಬೆಳೆದರೂ ಹಾಕಿದ ಅಳತೆಯಲ್ಲೇ ನಿಲ್ಲುತ್ತದೆ. ಒಳಗೆ ಅಂಗಾಂಶ ಬೆಳೆದು ದಾರಿ ಇನ್ನಷ್ಟು ಕಿರಿದಾಗುವುದೂ ಉಂಟು. ಹಾಗಾಗಿ ಕೆಲವು ವರ್ಷಗಳ ನಂತರ ತೊಡೆಸಂದಿನ ಅಭಿಧಮನಿಯ ಮೂಲಕ ಕ್ಯಾತಿಟರ್ (ತೆಳು ಕೊಳವೆ) ಒಯ್ದು, ದೊಡ್ಡ ಬಲೂನಿನಿಂದ ಮತ್ತೆ ಹಿಗ್ಗಿಸಬೇಕಾಗುತ್ತದೆ.

ವಯಸ್ಕರ ಅಳತೆಗೆ, ಅಂದರೆ 15–18 ಮಿ.ಮೀ.ವರೆಗೆ ಹಿಗ್ಗಬಲ್ಲ ಸ್ಟೆಂಟ್ ಒಯ್ಯಲು ದಪ್ಪ ಕೊಳವೆ ಬೇಕು. ಎಳೆಗೂಸಿನ ನಾಳದಲ್ಲಿ ಅದು ತೂರುವುದು ಕಷ್ಟ. ಅಲ್ಲಿ ತುರ್ತಿಗೆ ಹಾಕುವ ಸಣ್ಣ ಕೊರೋನರಿ ಸ್ಟೆಂಟ್ (ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳಗಳಿಗೆಂದು ಮಾಡಿದ್ದು) ಅಷ್ಟು ಹಿಗ್ಗದು. ಮುಂದೆ ಅದನ್ನು ಅಧಿಕ ಒತ್ತಡದ ಬಲೂನಿನಿಂದ ಮುರಿಯಬೇಕು, ಇಲ್ಲವೇ ಶಸ್ತ್ರಚಿಕಿತ್ಸೆಯಲ್ಲಿ ಸೀಳಬೇಕು.

ಹಾಗೆಂದು ಹೆದರಿ ಮುಂದೂಡಬೇಡಿ. ನಾಳದ ತೀವ್ರ ಅಡಚಣೆ ಹಾಗೇ ಉಳಿದರೆ, ಶ್ವಾಸಕೋಶಕ್ಕೆ ರಕ್ತ ತಳ್ಳುವ ಬಲ ಹೃತ್ಕುಕ್ಷಿಯ ಗೋಡೆ ದಪ್ಪಗಾಗುತ್ತದೆ. ಸ್ಟೆಂಟಿನ ಹೆಸರು, ಅಳತೆ ಬರೆದ ಕಾರ್ಡನ್ನು ಜೋಪಾನವಾಗಿಡಿ. ಮುಂದಿನ ಬಲೂನ್ ಆರಿಸುವುದು ಅದನ್ನು ನೋಡಿಯೇ.