ಏಳು ವರ್ಷ ಬೇರೆ ಇದ್ದರೆ ತಾನಾಗೇ ಡೈವೋರ್ಸ್? ಇಲ್ಲ

‘ಗಂಡ ಹೆಂಡತಿ 7 ವರ್ಷ ಬೇರೆ ಇದ್ದರೆ ಮದುವೆ ತಾನಾಗೇ ರದ್ದು, ಆಸ್ತಿಯಲ್ಲೂ ಹಕ್ಕಿಲ್ಲ’ ಎಂಬ ವಾಟ್ಸಾಪ್ ಸಂದೇಶ ಸುತ್ತುತ್ತಿದೆ. ಇದು ತಪ್ಪು.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ 7 ವರ್ಷದ ಮಾತು ಇರುವುದು ನಿಜ. ಆದರೆ ಅದು, ಬದುಕಿದ್ದಾರೆ ಎಂಬ ಸುದ್ದಿಯೇ ಇಲ್ಲದವರ ವಿಷಯ. ಪಕ್ಕದ ಬೀದಿಯಲ್ಲಿ ಬಾಡಿಗೆಗಿರುವ ಗಂಡನಿಗೆ ಅದು ಅನ್ವಯಿಸುವುದಿಲ್ಲ, ಅಲ್ವಾ? ಕಾರಣವಿಲ್ಲದೆ ಬಿಟ್ಟುಹೋಗಿ 2 ವರ್ಷವಾದರೆ ಡೈವೋರ್ಸ್‌ಗೆ ಅರ್ಜಿ ಹಾಕಬಹುದು. ಇಬ್ಬರೂ ಒಪ್ಪಿದರೆ 1 ವರ್ಷ ಬೇರೆ ಇದ್ದರೂ ಸಾಕು. ಎರಡರಲ್ಲೂ ಕೋರ್ಟಿನ ಡಿಕ್ರಿ (ಡೈವೋರ್ಸ್ ಕೊಡುವ ಆದೇಶ) ಬೇಕೇ ಬೇಕು.

ಡಿಕ್ರಿ ಬರುವ ಮೊದಲೇ ಗಂಡ ವಿಲ್ ಬರೆಯದೆ ತೀರಿಕೊಂಡ ಎನ್ನಿ. ಬೇರೆ ಇದ್ದ ಹೆಂಡತಿಯೂ ಮೊದಲ ದರ್ಜೆಯ ವಾರಸುದಾರಳೇ. ಅವನ ಸ್ವಂತ ದುಡಿಮೆಯ ಸೈಟಿನಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳಿಗೆ ತಲಾ ಕಾಲು ಪಾಲು.

ಇದರ ಉಲ್ಟಾ ತಪ್ಪೂ ಜಾಸ್ತಿ ಜನ ಮಾಡುತ್ತಾರೆ. ಡೈವೋರ್ಸ್ ಆದ ಮಾತ್ರಕ್ಕೆ ಹಳೆಯ ವಿಲ್ ಸುಮ್ನೆ ರದ್ದಾಗುವುದಿಲ್ಲ. ಬೀರುವಿನಲ್ಲಿರುವ ವಿಲ್‌ನಲ್ಲಿ ಮಾಜಿ ಹೆಂಡತಿಯ ಹೆಸರಿದ್ದರೆ ಹೊಸದು ಬರೆಯಿರಿ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ; ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಲಿ.