ಹೊರದೇಶದ ಮದುವೆಗೆ ಹೋಗುವವರು ಟಿಕೆಟ್ ತೆಗೆಯುವ ಮೊದಲು ಓದಿ

ಹೊರದೇಶದಲ್ಲಿ ಮದುವೆ ಇಟ್ಟುಕೊಂಡವರು ನಿಮಗಾಗಿ ರೂಮು ಹಿಡಿದಿಡಬಲ್ಲರು, ಏರ್‌ಪೋರ್ಟಿಗೆ ಗಾಡಿ ಕಳಿಸಬಲ್ಲರು. ಗಡಿ ಮಾತ್ರ ನೀವೇ ದಾಟಬೇಕು. "ಅವರೇ ಎಲ್ಲ ನೋಡಿಕೊಳ್ಳುತ್ತಾರೆ" ಎಂದು ಕುಳಿತವರು, ಮದುವೆಗೆ ನಾಲ್ಕು ದಿನ ಇರುವಾಗ ಮದುಮಗಳಿಗೇ ಫೋನ್ ಮಾಡಿ "ವೀಸಾ ಇನ್ನೂ ಬಂದಿಲ್ಲ" ಎನ್ನುತ್ತಾರೆ. ಆ ವಾರ ಅವಳ ತಲೆ ಮೇಲೆ ಬೇರೆ ನೂರು ಕೆಲಸ ಇರುತ್ತವೆ. "ಬರುತ್ತೇನೆ" ಎಂದು ಒಪ್ಪಿಕೊಂಡ ಮೇಲೆ ಪ್ರಯಾಣದ ಪೂರ್ತಿ ಹೊಣೆ ನಮ್ಮದೇ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬರಲು ಆಗುವುದಿಲ್ಲ ಎಂದು ಬೇಗ ಹೇಳುವುದರಲ್ಲಿ ಯಾವ ತಪ್ಪೂ ಇಲ್ಲ. ತಡವಾಗಿ ಹೇಳಿದರೆ ಅವರಿಗೆ ದುಡ್ಡಿನ ಲೆಕ್ಕದಲ್ಲೇ ಪೆಟ್ಟು ಬೀಳುತ್ತದೆ.

ಮೊದಲು ಪಾಸ್‌ಪೋರ್ಟ್ ತೆಗೆದು ನೋಡಿ. ಅವಧಿ ಮುಗಿದಿಲ್ಲ ಎಂದ ಮಾತ್ರಕ್ಕೆ ಅದು ನಡೆಯುತ್ತದೆ ಎಂದಲ್ಲ. ಇಂಡೋನೇಷ್ಯಾ, ಸಿಂಗಾಪುರ, ಯುಎಇ ಮುಂತಾದ ದೇಶಗಳು ಇನ್ನೂ 6 ತಿಂಗಳ ಅವಧಿ ಉಳಿದಿರಬೇಕು ಎನ್ನುತ್ತವೆ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಶೆಂಗೆನ್ ದೇಶಗಳ ಲೆಕ್ಕ ಬೇರೆ: ಅಲ್ಲಿಂದ ಹೊರಡುವ ದಿನದ ನಂತರ 3 ತಿಂಗಳು ಉಳಿದಿರಬೇಕು, ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವೀಸಾಕ್ಕೆ ಎರಡು ಖಾಲಿ ಪುಟ ಬೇಕು. ಎಲ್ಲೇ ಹೋಗಿ, ವಾಪಸ್ ಬರುವ ದಿನದಿಂದ 6 ತಿಂಗಳು ಎಣಿಸಿಕೊಂಡರೆ ತೊಂದರೆಯಿಲ್ಲ. ದಾಖಲೆ ಸರಿಯಿಲ್ಲದವರನ್ನು ಕರೆದೊಯ್ದರೆ ವಾಪಸ್ ತರುವ ಖರ್ಚು ವಿಮಾನ ಕಂಪನಿಯ ಮೇಲೆ ಬೀಳುತ್ತದೆ, ಹಲವೆಡೆ ದಂಡವೂ ಉಂಟು. ಅದಕ್ಕೇ ಚೆಕ್-ಇನ್ ಕೌಂಟರಿನವರು ಒಂದು ದಿನ ಕಡಿಮೆ ಇದ್ದರೂ ಬಿಡುವುದಿಲ್ಲ. ಅಲ್ಲಿ ಬೇಡಿಕೊಂಡು ಪ್ರಯೋಜನವಿಲ್ಲ.

ಹೆಸರಿನ ವಿಷಯ ಅದಕ್ಕಿಂತ ಸೂಕ್ಷ್ಮ. ಟಿಕೆಟ್, ವೀಸಾ, ವಿಮೆ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರು ಇರಬೇಕು. ಇನಿಷಿಯಲ್ ಬಿಡಿಸಿ ಬರೆದವರು, ಸರ್‌ನೇಮ್ ಜಾಗ ಖಾಲಿ ಬಿಟ್ಟವರು, ಮದುವೆಯಾದ ಮೇಲೆ ಹೆಸರು ಬದಲಿಸಿದವರು ಇಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ದುಬೈ ಮದುವೆಗೆ ಹೊರಟವರು ಇದನ್ನು ಮೊದಲೇ ವಿಚಾರಿಸಬೇಕು.

ಇನ್ನು ವೀಸಾ. ಶೆಂಗೆನ್ ಅರ್ಜಿಯನ್ನು ಹೊರಡುವ 6 ತಿಂಗಳ ಮುಂಚಿನಿಂದ ಕೊಡಬಹುದು, ತಡವೆಂದರೆ 15 ದಿನ ಮೊದಲು ಕೊಡಬೇಕು. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನವಾಗುತ್ತದೆ, ಅದು 45 ದಿನದವರೆಗೂ ಎಳೆಯಬಹುದು. ಅಪಾಯಿಂಟ್‌ಮೆಂಟ್ ಸಿಗಲು ಕಾಯುವ ದಿನಗಳು ಈ ಲೆಕ್ಕಕ್ಕೆ ಸೇರಿಲ್ಲ. ಬೇಸಿಗೆಯ ಮದುವೆಗಳಿಗೆ ಎಡವಟ್ಟಾಗುವುದು ಅಲ್ಲೇ. ಅರ್ಜಿ ಹಾಕಬೇಕಾದ್ದು ವಿಮಾನ ಇಳಿಯುವ ದೇಶಕ್ಕಲ್ಲ, ಪ್ರಯಾಣದ ಮುಖ್ಯ ಗುರಿಯಾದ ದೇಶಕ್ಕೆ. ಮದುವೆಗೆಂದೇ ಇಟಲಿಗೆ ಹೋಗಿ ಹೆಚ್ಚು ರಾತ್ರಿ ಅಲ್ಲೇ ಉಳಿಯುವುದಾದರೆ, ಫ್ರಾಂಕ್‌ಫರ್ಟಿನಲ್ಲಿ ಇಳಿದರೂ ಅರ್ಜಿ ಇಟಲಿಗೇ ಹೋಗಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆಯೂ ಕಡ್ಡಾಯ.

ಮದುವೆ ಮನೆಯವರಿಂದ ಬೇಕಾದ್ದು ಚಂದದ ಆಮಂತ್ರಣ ಪತ್ರಿಕೆಯಲ್ಲ, ಸಹಿ ಹಾಕಿದ ಒಂದು ಪುಟದ ಪತ್ರ. ಅದರಲ್ಲಿ ನಿಮ್ಮ ಪೂರ್ತಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಅವರಿಗೂ ನಿಮಗೂ ಏನು ಸಂಬಂಧ, ಮದುವೆಯ ತಾರೀಕು ಮತ್ತು ಜಾಗದ ವಿಳಾಸ, ಉಳಿಯುವ ಜಾಗ, ಖರ್ಚು ಯಾರದು, ಸಂಪರ್ಕದ ಫೋನ್ ಇರಲಿ. ಈ ಪತ್ರವನ್ನು ಅವರಿಂದ ಒಮ್ಮೆಗೇ ಕೇಳಿ ಪಡೆಯಿರಿ, ವಾರಕ್ಕೊಂದು ತಿದ್ದುಪಡಿ ಕಳಿಸಬೇಡಿ. ಇಮಿಗ್ರೇಷನ್‌ನಲ್ಲಿ ಕೇಳಿದರೆ ಮದುವೆಗೆ ಬಂದಿದ್ದೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆದರೆ ದುಡ್ಡು ಪಡೆದು ಫೋಟೋ ತೆಗೆಯಲು, ಮೇಕಪ್ ಮಾಡಲು, ಹಾಡಲು ಹೋಗುವ ನೆಂಟರು ಅತಿಥಿಗಳಲ್ಲ, ಕೆಲಸಗಾರರು. ಅವರಿಗೆ ಕೆಲಸದ ಅನುಮತಿ ಬೇಕಾಗುತ್ತದೆ.

ದಾರಿಯಲ್ಲಿ ವಿಮಾನ ಬದಲಿಸುವ ದೇಶವನ್ನು ಯಾರೂ ಗಮನಿಸುವುದಿಲ್ಲ. ಅಮೆರಿಕದ ಮೂಲಕ ಮೆಕ್ಸಿಕೊ ಅಥವಾ ಕೆರಿಬಿಯನ್‌ಗೆ ಹೋಗುವವರು ಕೇವಲ ಎರಡು ಗಂಟೆ ನಿಲ್ಲುವುದಾದರೂ ಅಲ್ಲಿ ಇಮಿಗ್ರೇಷನ್ ದಾಟಲೇಬೇಕು. ಅದಕ್ಕೆ ವೀಸಾ ಅಥವಾ ಎಸ್ಟಾ (ವೀಸಾ ಬೇಡದ ಕೆಲವು ದೇಶಗಳವರು ಆನ್‌ಲೈನಿನಲ್ಲಿ ಪಡೆಯುವ ಅನುಮತಿ) ಇರಲೇಬೇಕು. ಇನ್ನೊಂದು ಬಲೆ, ಅಗ್ಗಕ್ಕೆ ಸಿಕ್ಕಿತೆಂದು ಎರಡು ಬೇರೆ ಬೇರೆ ಟಿಕೆಟ್ ತೆಗೆಯುವುದು. ಲಗೇಜ್ ನೇರ ಹೋಗದಿದ್ದರೆ ಅದನ್ನು ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಲು ಆ ದೇಶದೊಳಗೆ ಹೋಗಬೇಕು, ಅದಕ್ಕೂ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೇ ಕಂಪನಿಗೆ ನೀವು ಬರದೇ ಇದ್ದ ಪ್ರಯಾಣಿಕ ಅಷ್ಟೆ. ಮದುವೆಯಂಥ ಒಂದೇ ದಿನದ ಕಾರ್ಯಕ್ಕೆ ಹೋಗುವಾಗ ಪೂರ್ತಿ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರಲಿ, ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ.

ಈಗ ಕೆಲವು ದೇಶಗಳಿಗೆ ವೀಸಾ ಇದ್ದರೂ ಇಲ್ಲದಿದ್ದರೂ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ಥಾಯ್ಲೆಂಡ್ 2025ರ ಮೇ 1ರಿಂದ ಇದನ್ನು ಜಾರಿಗೆ ತಂದಿದೆ, ಸಿಂಗಾಪುರದಲ್ಲಿ ಅದಕ್ಕೂ ಮೊದಲೇ ಬಂದಿದೆ. ಎರಡನ್ನೂ ಇಳಿಯುವ ಮುಂಚಿನ 3 ದಿನದೊಳಗೆ ತುಂಬಬೇಕು, ಎರಡೂ ಉಚಿತ. ಇದಕ್ಕೆ ದುಡ್ಡು ಕೇಳುವ ಪುಟ ಸಿಕ್ಕರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಮದುವೆಗೆ ಎರಡು ರಾತ್ರಿ ಮೊದಲೇ ತಲುಪಿ. ಇದು ಸುತ್ತಾಟಕ್ಕಲ್ಲ. ತಪ್ಪಿಹೋದ ಸೂಟ್‌ಕೇಸ್ ಸಾಮಾನ್ಯವಾಗಿ ಮುಂದಿನ ಒಂದೆರಡು ವಿಮಾನಗಳಲ್ಲಿ ಬರುತ್ತದೆ. ಆ ಅವಕಾಶ ಬೇಕಲ್ಲ. ರಾತ್ರಿ 12.30ರ ವಿಮಾನದ ತಾರೀಕು ಎರಡೆರಡು ಸಲ ನೋಡಿ: 15ನೇ ತಾರೀಕು 00:30 ಎಂದರೆ 14ರ ಸಂಜೆಯೇ ಮನೆ ಬಿಡಬೇಕು. ಮೊದಲ ಹಂತದ ವಿಮಾನ ಬಿಟ್ಟು ನಡುವಿನ ಊರಿನಿಂದ ಹತ್ತುತ್ತೇನೆ ಎನ್ನಬೇಡಿ. ಒಂದು ಹಂತ ತಪ್ಪಿದರೆ ಉಳಿದದ್ದೆಲ್ಲ, ವಾಪಸ್ ಟಿಕೆಟ್ ಸಮೇತ, ರದ್ದಾಗಬಹುದು.

ಲಗೇಜಿನ ಬಗ್ಗೆ ನನ್ನ ಹಟ ಒಂದೇ. ಮುಹೂರ್ತಕ್ಕೆ ಉಡುವ ಬಟ್ಟೆ, ಒಡವೆ, ಔಷಧ, ದಾಖಲೆ ಇವು ಕೈಚೀಲದಲ್ಲೇ ಹೋಗಬೇಕು. ಒಡವೆ ಮತ್ತು ನಗದನ್ನು ಚೆಕ್-ಇನ್ ಮಾಡಿದ ಚೀಲದಲ್ಲಿಟ್ಟರೆ ಹೊಣೆಯಲ್ಲ ಎಂದು ಹೆಚ್ಚಿನ ವಿಮಾನ ಕಂಪನಿಗಳ ಷರತ್ತಿನಲ್ಲೇ ಬರೆದಿರುತ್ತದೆ. ಇಬ್ಬರು ಹೋಗುವುದಾದರೆ ಉಳಿದ ಬಟ್ಟೆಯನ್ನು ಎರಡೂ ಸೂಟ್‌ಕೇಸಿಗೆ ಅರ್ಧರ್ಧ ಹಂಚಿ. ಒಂದು ಬರದಿದ್ದರೂ ಇಬ್ಬರಿಗೂ ಉಡಲು ಇರುತ್ತದೆ. ಚೀಲ ಬರಲಿಲ್ಲ ಎಂದಾದರೆ ಏರ್‌ಪೋರ್ಟಿನಿಂದ ಹೊರಗೆ ಕಾಲಿಡುವ ಮೊದಲೇ ಲಗೇಜ್ ಕೌಂಟರಿನಲ್ಲಿ ದೂರು ಬರೆಸಿ, ಅದರ ಸಂಖ್ಯೆ ತೆಗೆದುಕೊಳ್ಳಿ, ಮದುವೆ ಜಾಗದ ವಿಳಾಸ ಕೊಡಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಚೀಲ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತವಾಗಿ ದೂರು ಕೊಡಬೇಕು. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಪ್ರಯಾಣಿಕನಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ). ಆ ನಡುವೆ ಕೊಂಡ ತುರ್ತು ಬಟ್ಟೆಯ ರಸೀದಿ ಇಟ್ಟುಕೊಳ್ಳಿ. ರಸೀದಿ ಇಲ್ಲದೆ ಕೇಳಿದರೆ ದುಡ್ಡು ಬರುವುದು ಕಷ್ಟ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್‌ನಲ್ಲಿ ಇಡುವಂತಿಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ, ಸಾಕು. ಹೇರ್ ಸ್ಪ್ರೇ, ಸೆಂಟು ಕೈಚೀಲದಲ್ಲಾದರೆ ಬಹುತೇಕ ಕಡೆ 100 ಎಂಎಲ್ ದಾಟುವಂತಿಲ್ಲ. ಸುರುಸುರುಬತ್ತಿ, ಪಟಾಕಿ ಯಾವ ಚೀಲದಲ್ಲೂ ಇಲ್ಲ. ಡ್ರೋನ್ ಒಯ್ಯುವ ಮೊದಲು ಆ ದೇಶದ ಕಾನೂನು ಓದಿ, ಮೊರಾಕೊದಲ್ಲಿ ಕಸ್ಟಮ್ಸ್‌ನಲ್ಲೇ ಹಿಡಿದಿಟ್ಟುಕೊಳ್ಳುತ್ತಾರೆ. ಹೇರ್ ಸ್ಟ್ರೈಟ್‌ನರ್ ಮೇಲೆ 100-240 ವೋಲ್ಟ್ ಎಂದು ಬರೆದಿದೆಯೇ ನೋಡಿ, ಏಕೆಂದರೆ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ.

ಉಡುಗೊರೆಯನ್ನು ಇಲ್ಲಿಂದಲೇ ಪ್ಯಾಕ್ ಮಾಡಿಸಿ ಒಯ್ಯಬೇಡಿ, ತಪಾಸಣೆಯಲ್ಲಿ ಬಿಚ್ಚಿಸುತ್ತಾರೆ. ಭಾರದ ವಸ್ತು ಕೊಟ್ಟರೆ ಅದನ್ನು ಹೊತ್ತು ಮರಳುವವರು ನವದಂಪತಿ ಎಂಬುದೂ ನೆನಪಿರಲಿ. ಅವರ ಮನೆಗೇ ನೇರ ತಲುಪಿಸುವುದು ಒಳ್ಳೆಯದು. ಯುರೋಪಿಗೆ ಹೋಗುವಾಗ 10,000 ಯೂರೋ ಅಥವಾ ಹೆಚ್ಚು, ಅಮೆರಿಕಕ್ಕಾದರೆ 10,000 ಡಾಲರಿಗಿಂತ ಹೆಚ್ಚು ನಗದು ಇದ್ದರೆ ಘೋಷಿಸಬೇಕು. ಬೇರೆಯವರು ಕೊಟ್ಟ ಮುಚ್ಚಿದ ಪೊಟ್ಟಣ, ಎಷ್ಟೇ ಹತ್ತಿರದವರದಾದರೂ, ಬೇಡವೇ ಬೇಡ.

ಔಷಧಗಳು ಮೂಲ ಪ್ಯಾಕಿನಲ್ಲಿರಲಿ, ಔಷಧದ ಮೂಲ ರಾಸಾಯನಿಕ ಹೆಸರು ಬರೆದ ವೈದ್ಯರ ಚೀಟಿ ಜೊತೆಗಿರಲಿ. ಸಾಧಾರಣ ಕೆಮ್ಮು ನೆಗಡಿಯ ಔಷಧವೂ ಕೆಲವೆಡೆ ನಿಯಂತ್ರಿತ. ಸೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವುದು ಜಪಾನಿಗೆ ನಿಷಿದ್ಧ, ಟ್ರಮಡಾಲ್ ನೋವಿನ ಮಾತ್ರೆಗೆ ಯುಎಇಯಲ್ಲಿ ಮೊದಲೇ ಅನುಮತಿ ಬೇಕು. ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಲಗೇಜ್ ವಿಭಾಗದಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಹಿರಿಯರಿಗೆ ವೀಲ್‌ಚೇರ್ ಬೇಕೆಂದರೆ 48 ಗಂಟೆ ಮೊದಲೇ ಹೇಳಿ. ಬಸುರಿಯರಿಗೆ 28 ವಾರದ ನಂತರ ಬಹಳಷ್ಟು ಕಂಪನಿಗಳು ವೈದ್ಯರ ಪತ್ರ ಕೇಳುತ್ತವೆ, 36 ವಾರ ದಾಟಿದರೆ ಹೆಚ್ಚಿನವರು ಹತ್ತಿಸಿಕೊಳ್ಳುವುದಿಲ್ಲ. ವಿಮೆ ತೆಗೆಯುವಾಗ ಈಗಾಗಲೇ ಇರುವ ಬಿಪಿ, ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ಮದುವೆಯೇ ರದ್ದಾದರೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ ಎಂಬುದೂ ಗೊತ್ತಿರಲಿ.

ಮದುವೆಯವರು ಹಿಡಿದಿಟ್ಟ ರೂಮುಗಳಿಗೆ ಒಂದು ಕೊನೆಯ ದಿನ ಇರುತ್ತದೆ. ಅದು ಕಳೆದರೆ ಹೋಟೆಲಿನವರು ಆ ರೂಮುಗಳನ್ನು ಬೇರೆಯವರಿಗೆ ಬಿಡುತ್ತಾರೆ, ಆ ದರವೂ ಹೋಗುತ್ತದೆ. ಎಷ್ಟೋ ಒಪ್ಪಂದಗಳಲ್ಲಿ ತುಂಬದ ರೂಮಿನ ಖರ್ಚು ಮದುವೆಯವರೇ ಕಟ್ಟಬೇಕು. ಅಗ್ಗವೆಂದು ಬೇರೆ ಕಡೆ ಉಳಿಯುವವರು ಮೊದಲು ಕೇಳಿ: ಊಟ-ಪಾನೀಯ ಎಲ್ಲ ಸೇರಿದ ರೆಸಾರ್ಟುಗಳು ಹೊರಗಿನಿಂದ ಬರುವ ಅತಿಥಿಗೆ ದಿನದ ಪಾಸ್ ಶುಲ್ಕ ಹಾಕುತ್ತವೆ. ಅಲ್ಲಿ ಕಾರ್ಡ್ ಉಜ್ಜುವಾಗ ಯಂತ್ರ ನಿಮ್ಮ ಊರಿನ ಹಣದಲ್ಲಿ ತೋರಿಸಿದರೆ ಬೇಡ ಎನ್ನಿ, ಆ ದೇಶದ ಹಣದಲ್ಲೇ ಕಟ್ಟಿ. ಇಲ್ಲವಾದರೆ ವಿನಿಮಯ ದರ ಅಂಗಡಿಯವರ ಕಡೆಯದ್ದಾಗುತ್ತದೆ.

ಹೊರಡುವ ವಾರದಲ್ಲಿ ಗಾಡಿ ಕಳಿಸುವವರಿಗೆ ಒಂದೇ ಒಂದು ಮೆಸೇಜ್ ಸಾಕು: ಫ್ಲೈಟ್ ನಂಬರ್, ಇಳಿಯುವ ತಾರೀಕು, ಅಲ್ಲಿನ ಸಮಯ, ಟರ್ಮಿನಲ್, ಎಷ್ಟು ಜನ, ಎಷ್ಟು ಸೂಟ್‌ಕೇಸ್, ಅಲ್ಲಿ ನಡೆಯುವ ನಿಮ್ಮ ಫೋನ್ ನಂಬರ್. ಅದನ್ನು ಮದುಮಗಳಿಗಲ್ಲ, ಸಾರಿಗೆ ನೋಡಿಕೊಳ್ಳುವವರಿಗೆ ಕಳಿಸಿ.