ಮೂರು ಮೆಟ್ಟಿಲ ಬಿಯರು

ಡೆನ್ವರ್‌ನಲ್ಲಿ ನಮ್ಮ ಕಾರು ಎರಡು ತಿಂಗಳಿಂದ ಬೀದಿಯಲ್ಲಿ ಮಲಗುತ್ತಿದೆ. ಗ್ಯಾರೇಜನ್ನು ನನ್ನ ಸ್ಟ್ಯಾಂಡು ಆಕ್ರಮಿಸಿದೆ.

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಆಫೀಸಿನ ಗೆಳೆಯನಿಂದ ಅಂಟಿದ್ದು. ಕೊಲರಾಡೊದಲ್ಲಿ ಇದು ನೆಗಡಿಯ ಹಾಗೆ ಹರಡುತ್ತೆ. ಇಂಥ ಹುಚ್ಚರ ಸಂಘ 1978ರಲ್ಲಿ ಹುಟ್ಟಿದ್ದೇ ಪಕ್ಕದ ಬೌಲ್ಡರ್‌ನಲ್ಲಿ. ಅದೇ ವರ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಂತೆ, ಇಬ್ಬರು ದೊಡ್ಡವರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್, ತೆರಿಗೆ ಕಟ್ಟದೆ ಮಾಡಿಕೊಳ್ಳಬಹುದು. ಮಾರುವ ಹಾಗಿಲ್ಲ. ನಾನು ಮಾಡಿದ್ದನ್ನು ಕೊಳ್ಳುವವರೂ ಇಲ್ಲ ಅನ್ನಿ.

ಕೆಲಸಕ್ಕೆ ಮೂರು ಪಾತ್ರೆ ಬೇಕು. ಒಂದರಲ್ಲಿ ಬಿಸಿನೀರು. ಇನ್ನೊಂದರಲ್ಲಿ ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿದ ಬಾರ್ಲಿ. ಅದನ್ನು 67 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ನೆನೆಸಿಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತೆ. ಮೇಲಿಂದ ಬಿಸಿನೀರು ಹಾಯಿಸಿ, ಆ ಸಿಹಿಯನ್ನು ತೊಳೆದು ಮೂರನೆಯ ಪಾತ್ರೆಗೆ ಇಳಿಸಿ, ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಕುದಿಸಬೇಕು. ಮೂರನ್ನೂ ಒಂದೇ ಮಟ್ಟದಲ್ಲಿಟ್ಟರೆ ಪಂಪ್ ಬೇಕು. ಮೆಟ್ಟಿಲ ಹಾಗೆ ಜೋಡಿಸಿದರೆ ನೀರು ತಾನೇ ಇಳಿಯುತ್ತೆ. ಬಾರ್ಲಿಯನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಒಂದೇ ಪಾತ್ರೆಯಲ್ಲಿ ಮುಗಿಸುವ ದಾರಿಯೂ ಇದೆ. ತೀರಾ ಸುಲಭ ಅಂತ ಅದನ್ನು ಬಿಟ್ಟೆ.

ಪಂಪಿನ ಬೆಲೆ ನೋಡಿದೆ, ನೂರು ಡಾಲರಿಗೂ ಮೇಲೆ. ಮೈಸೂರಿನಲ್ಲಿ ತಾರಸಿ ಟ್ಯಾಂಕಿನ ಕೆಳಗೆ ಬೆಳೆದವನಿಗೆ ನೀರು ಕೆಳಕ್ಕೆ ಹರಿಯೋಕೆ ದುಡ್ಡು ಕೊಡು ಅಂದರೆ ಹೇಗೆ? ಗುರುತ್ವಾಕರ್ಷಣೆ ಪುಕ್ಕಟೆ ಸಿಗುತ್ತಲ್ವಾ! ಮರ ತಂದು ಸ್ಟ್ಯಾಂಡ್ ಮಾಡೋದು ಅಂತ ತೀರ್ಮಾನಿಸಿದೆ.

ಅಮೆರಿಕದ ಅಂಗಡಿಯಲ್ಲಿ 'ಟೂ ಬೈ ಫೋರ್' ಅಂತ ಮಾರುವ ಮರದ ಪಟ್ಟಿ ನಿಜಕ್ಕೂ ಒಂದೂವರೆ ಇಂಚು, ಮೂರೂವರೆ ಇಂಚು ಇರುತ್ತೆ. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ನನಗೆ ಗೊತ್ತಾಗಿದ್ದು ಎಲ್ಲ ಕೊಯ್ದ ಮೇಲೆ. ಪ್ರತಿ ಮೂಲೆಯಲ್ಲೂ ಅರ್ಧ ಇಂಚು ಸಂದು. ಸಂದುಗಳಿಗೆಲ್ಲ ಮರದ ಚೂರು ತುರುಕಿ ಸ್ಕ್ರೂ ಬಿಗಿದೆ. ಮುಟ್ಟಿದರೆ ಸ್ಟ್ಯಾಂಡು ಒಮ್ಮೆ ತಲೆಯಾಡಿಸಿ ಸುಮ್ಮನಾಗುತ್ತಿತ್ತು.

ಮೇಲಿನ ಎರಡು ಮೆಟ್ಟಿಲಲ್ಲಿ ನಲ್ಲಿಯಿರುವ ಪ್ಲಾಸ್ಟಿಕ್ ಕೂಲರ್‌ಗಳು, ಆಟದ ಮೈದಾನದಲ್ಲಿ ತಣ್ಣೀರಿಗೆ ಇಡುತ್ತಾರಲ್ಲ, ಅವು. ಬಿಸಿಯನ್ನೂ ಅಷ್ಟೇ ಚೆನ್ನಾಗಿ ಕಾಯುತ್ತವೆ. ಗ್ಯಾಸ್ ಒಲೆ ಗ್ಯಾರೇಜಿನ ಬಾಗಿಲಾಚೆ, ಬಯಲಲ್ಲಿ. ಒಳಗೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ನಾವೇ ಮೇಲಕ್ಕೆ ಹೋಗಿಬಿಡುತ್ತೇವೆ.

ಆರು ತಿಂಗಳಿಗೆಂದು ಬಂದಿದ್ದ ಅಮ್ಮನಿಗೆ "ಬಾರ್ಲಿ ನೀರು ಮಾಡ್ತಿದೀನಿ" ಅಂದಿದ್ದೆ. ಸುಳ್ಳಲ್ಲ. ನೆನೆದ ಬಾರ್ಲಿಯ ಘಮ ಮೂಗಿಗೆ ಬಿದ್ದಾಗ, "ಅಯ್ಯೋ, ಹಾರ್ಲಿಕ್ಸ್ ಕಣೋ ಇದು" ಅಂದರು. ಅದೂ ಸುಳ್ಳಲ್ಲ.

ಈಗ ಮೇಲಿನ ಕೂಲರಿಗೆ 80 ಡಿಗ್ರಿಯ 17 ಲೀಟರ್ ನೀರು ಹೋಗಬೇಕು. ನೀರು ಕಾದಿದ್ದು ಕೆಳಗಿನ ಒಲೆಯಲ್ಲಿ. ಕೂಲರಿನ ಬಾಯಿ ನೆಲದಿಂದ ಆರಡಿ ಎಂಟು ಇಂಚು. ನಾನು ಐದಡಿ ಆರು. ಕೆಳಗೆ ಹರಿಯೋದನ್ನು ಒಂದು ತಿಂಗಳು ಲೆಕ್ಕ ಹಾಕಿದವನು ಮೇಲೆ ಹತ್ತೋದನ್ನು ಒಂದು ನಿಮಿಷವೂ ಯೋಚಿಸಿರಲಿಲ್ಲ.

"ಮೋಟರ್ ಎಲ್ಲೋ?" ಅಂದರು ಅಮ್ಮ. ಊರಲ್ಲಿ ಟ್ಯಾಂಕಿಗೆ ಬೆಳಿಗ್ಗೆ ಮೋಟರ್ ಹಾಕುತ್ತಿದ್ದವರು ಅವರೇ.

ಮೋಟರ್ ನಾನೇ ಆದೆ. ಅಡುಗೆಮನೆಯಿಂದ ಸ್ಟೀಲ್ ಚೊಂಬು ತಂದೆ. ಒಂದು ಲೀಟರ್ ಮೊಗೆಯೋದು, ಸ್ಟೂಲ್ ಹತ್ತೋದು, ಸುರಿಯೋದು, ಇಳಿಯೋದು. ಹದಿನೇಳು ಸಲ. ಬಟ್ಟೆ ಸುತ್ತಿಕೊಂಡರೂ ಕೈ ಚುರುಗುಟ್ಟುತ್ತಿತ್ತು. ಎಂಟನೇ ಚೊಂಬಿಗೆ ಸ್ಟ್ಯಾಂಡು ತಲೆಯಾಡಿಸಿತು. ಹೆಂಡತಿ ಓಡಿ ಬಂದು ಒಂದು ಕಾಲನ್ನು ಹಿಡಿದಳು. ಸ್ಟ್ಯಾಂಡಿಂದೋ ನನ್ನದೋ ನೆನಪಿಲ್ಲ. ಕೊನೆಯ ಚೊಂಬು ಸುರಿಯುವಾಗ ಥರ್ಮಾಮೀಟರ್ 69 ತೋರಿಸುತ್ತಿತ್ತು.

ಇರಲಿ, ಇನ್ನು ಮುಂದಿನದು ಗುರುತ್ವಾಕರ್ಷಣೆಯ ಪಾಳಿ ಅಂತ ಎರಡು ನಲ್ಲಿಗಳನ್ನೂ ಪೂರ್ತಿ ತಿರುಗಿಸಿದೆ. ಅವಸರ ಮಾಡಿದರೆ ಬಾರ್ಲಿಯ ನುಚ್ಚು ಅಡಿಯಲ್ಲಿ ಒತ್ತಿ ಕೂತುಬಿಡುತ್ತೆ. ಧಾರೆ ನೂಲಾಯಿತು, ನೂಲು ಹನಿಯಾಯಿತು, ಹನಿಯೂ ನಿಂತಿತು. ನಲ್ಲಿಯ ಪೈಪಿಗೆ ಬಾಯಿಟ್ಟು ಊದಿದೆ, ಊದುಗೊಳವೆಯಲ್ಲಿ ಸೌದೆ ಒಲೆ ಊದುವವನ ಹಾಗೆ. ಅಮ್ಮ ಉದ್ದ ಹಿಡಿಯ ಸೌಟು ತಂದು, "ಅಂಬಲಿ ತಿರುವಿದ ಹಾಗೆ ತಿರುವು" ಅಂದರು. ತಿರುವಿ, ಹತ್ತು ನಿಮಿಷ ತೆಪ್ಪಗೆ ಬಿಟ್ಟು, ನಲ್ಲಿಯನ್ನು ಕಾಲು ಭಾಗ ಮಾತ್ರ ತೆರೆದೆ. ಹರಿಯಿತು. ಕತ್ತಲಾಗುವ ಹೊತ್ತಿಗೆ ಕುದಿಸಿ, ಆರಿಸಿ, ಈಸ್ಟ್ ಹಾಕಿ, ಗಾಳಿ ಗುಳ್ಳೆಯಾಗಿ ಹೊರಬೀಳುವ ಪುಟ್ಟ ನಳಿಗೆಯಿರುವ ಮುಚ್ಚಳವನ್ನು ಬಕೆಟ್ಟಿಗೆ ಬಿಗಿದು, ಸ್ಟ್ಯಾಂಡಿನ ಅಡಿಗೆ ತಳ್ಳಿದೆ. ಸೊಂಟ ಹಿಡಿದುಕೊಂಡಿತ್ತು.

ಭಾನುವಾರ ಗ್ಯಾರೇಜಿಗೆ ಹೋದರೆ ಸ್ಟ್ಯಾಂಡ್ ಖಾಲಿ. ಕೂಲರ್‌ಗಳು ಮೂಲೆ ಸೇರಿದ್ದವು. ಅಮ್ಮ ಮೂರೂ ಮೆಟ್ಟಿಲಿಗೆ ಬಿಳಿ ಪಂಚೆ ಹಾಸಿ ಅಂಚು ನೇರ ಮಾಡುತ್ತಿದ್ದರು. ನನ್ನದೇ ಪಂಚೆ.

"ನಾಳೆ ನವರಾತ್ರಿ ಶುರು. ನೀನು ನೆನಪಿಟ್ಟುಕೊಂಡು ಮೆಟ್ಟಿಲು ಮಾಡಿಸಿದ್ದೀಯ, ನಾನೇ ಅಪಾರ್ಥ ಮಾಡಿಕೊಂಡೆ," ಅಂದರು. ಗಂಟಲು ಸ್ವಲ್ಪ ಕಟ್ಟಿತ್ತು. ನಾನು ಏನು ಹೇಳಲಿ?

ಈಗ ತುದಿಯಲ್ಲಿ ಪಟ್ಟದ ರಾಜ ರಾಣಿ ನಿಂತಿದ್ದಾರೆ, ಐದಡಿ ಎತ್ತರದಲ್ಲಿ. ಆರತಿ ಎತ್ತುವಾಗ ಅಮ್ಮನಿಗೂ ಸ್ಟೂಲು ಬೇಕು. ಡೆನ್ವರ್‌ನ ಅರ್ಧ ಕನ್ನಡ ಬಳಗ ಬಂದು ನೋಡಿಹೋಯಿತು. ನಿನ್ನೆ ಹಾಡು ಮುಗಿದು ಎಲ್ಲರೂ ಕೈಮುಗಿದು ನಿಂತಿದ್ದಾಗ ಪಂಚೆಯ ಮರೆಯಿಂದ ಗುಳುಕ್, ಗುಳುಕ್ ಅಂತ ಸದ್ದು.

"ಬಾರ್ಲಿ ನೀರು," ಅಂದರು ಅಮ್ಮ ಎಲ್ಲರಿಗೂ. "ನನ್ನ ಮಗಂದು. ಶುಕ್ರವಾರ ಕುಂಕುಮಕ್ಕೆ ಬನ್ನಿ, ಎಲ್ಲರಿಗೂ ಒಂದೊಂದು ಲೋಟ ಕೊಡ್ತೀವಿ."